ಅಡ್ಡ ಇಟ್ಟ ಹಸಿರು ಸೊಪ್ಪು

"ಸಿಟ್ಟು ಪೂರ್ತಿ ಇಳಿದ ಮೇಲೆ ಹೋಗಿ ಮಾತಾಡಿಸಿದರೆ ಆಗದೇ, ಗುರುಗಳೇ?" ಎಂದು ಬೊಮ್ಮಣ್ಣ ಕೇಳಿದ. ಅವನು ತನ್ನ ತಮ್ಮನೊಡನೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಕಾಡಿನಲ್ಲಿ ಒಂದರ ಮೇಲೊಂದು ಏಳು ಜಲಪಾತಗಳಿದ್ದವು. ಅಲ್ಲಿಯವರು ಅವನ್ನು ಅಬ್ಬಿ ಎನ್ನುತ್ತಿದ್ದರು. ಎಲ್ಲಕ್ಕಿಂತ ಮೇಲಿನ ಏಳನೆಯ ಅಬ್ಬಿಯ ಬಂಡೆಗಳಲ್ಲಿ ಒಳ್ಳೆಯ ಜೇನು ಸಿಗುತ್ತಿತ್ತು. ಆದರೆ ಹಾದಿಗೆ ಗುರುತು ಎಂಬುದೇ ಇರಲಿಲ್ಲ. ಇಳಿಯುವಾಗ ಪ್ರತಿ ಅಬ್ಬಿಯ ಹತ್ತಿರವೂ ಹಾದಿ ಎರಡಾಗುತ್ತಿತ್ತು. ಒಂದು ಊರಿಗೆ, ಇನ್ನೊಂದು ಪ್ರಪಾತಕ್ಕೆ. ನೋಡಲು ಎರಡೂ ಒಂದೇ ತರ.

ಹಾಗಾಗಿ ಅಲ್ಲಿ ಒಂದು ಪದ್ಧತಿಯಿತ್ತು. ಹತ್ತುವವರು ಹಸಿರು ಸೊಪ್ಪು ಮುರಿದು ಪ್ರತಿ ಕವಲಿನಲ್ಲೂ ತಪ್ಪು ಹಾದಿಗೆ ಅಡ್ಡ ಇಡಬೇಕು. ಎಲ್ಲರಿಗಿಂತ ಕೊನೆಗೆ ಇಳಿಯುವವರು ಅದನ್ನು ತೆಗೆಯಬೇಕು. ಸೊಪ್ಪು ಇದ್ದರೆ ಕಾಡಿನೊಳಗೆ ಇನ್ನೂ ಜನ ಇದ್ದಾರೆ ಎಂದು ಅರ್ಥ.

ಒಬ್ಬ ಜೇನು ಕೀಳುವವನು ಹೆಂಡತಿಯೊಡನೆ ಹತ್ತಿದ. ಅವನ ಕಣ್ಣು ಯಾವಾಗಲೂ ಮೇಲೆ, ಜೇನಿನ ಕಡೆ. ನೆಲ ನೋಡಿ ಸೊಪ್ಪು ಇಡುವುದು ಅವಳ ಕೆಲಸ. ಸೊಪ್ಪು ಅಡ್ಡ ಇಲ್ಲದ ಹಾದಿಯಲ್ಲಿ ಯೋಚಿಸದೆ ನಡೆಯುವುದು ಅವನ ರೂಢಿ.

ಅವಳದು ಬಾಯಿ ಜೋರು. ಏಳನೆಯ ಅಬ್ಬಿಯಲ್ಲಿ ಜೇನು ತುಂಬಿದ ಬಿದಿರಿನ ಅಂಡೆ ಅವನ ಕೈಯಿಂದ ಜಾರಿ ಕೆಳಗಿನ ಪೊದೆಗಳೊಳಗೆ ಹೋಯಿತು. ಅವನು ನಕ್ಕುಬಿಟ್ಟ.

"ನಾನು ಬಿದ್ದರೂ ಹೀಗೇ ಹಲ್ಲು ಬಿಡುತ್ತಾ ನಿಲ್ಲುತ್ತೀಯೇನೋ" ಎಂದಳು ಅವಳು.

"ನೀನು ಮುಂದೆ ನಡಿ, ಮಾರಾಯ್ತಿ. ಅಂಡೆ ಹುಡುಕಿಕೊಂಡು ಬರುತ್ತೇನೆ. ಬರಿಗೈಯಲ್ಲಿ ಬಂದರೆ ನೀನು ಒಳಗೆ ಬಿಡುವವಳಲ್ಲ" ಎಂದ ಅವನು.

ಆ ನಗು ಅವಳ ಮೈ ಉರಿಸಿತು. ಕಾಡಿನಲ್ಲೇ ಹುಟ್ಟಿದವನಿಗೆ ನನ್ನ ಸೊಪ್ಪು ಯಾಕೆ ಬೇಕು, ಸ್ವಲ್ಪ ಅಲೆದು ಬರಲಿ, ಕೊಬ್ಬು ಇಳಿಯಲಿ ಎಂದುಕೊಂಡಳು. ಏಳನೆಯ ಅಬ್ಬಿಯ ಸೊಪ್ಪು ತೆಗೆದು ಎಸೆದಳು. ಆರನೆಯದನ್ನೂ ತೆಗೆದಳು. ಐದನೆಯದನ್ನು ತೆಗೆಯುವಾಗ ಕೈ ಒಂದು ಗಳಿಗೆ ತಡೆಯಿತು. ಆದರೂ ತೆಗೆದಳು.

ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಹಿಂದಕ್ಕೆ ಹತ್ತಿ ಸೊಪ್ಪು ಇಟ್ಟು ಬರಲೇ ಎಂದು ನಿಂತಳು. ಅಷ್ಟರಲ್ಲಿ ಅವನು ಎದುರಾದರೆ ಮತ್ತೆ ನಗುತ್ತಾನೆ ಎನಿಸಿತು. ಅದಕ್ಕೇ ಹೋಗಲಿಲ್ಲ. ಅಲ್ಲಿಂದ ಕೆಳಗೆ ಮಾತ್ರ ಬಾಡಿದ ಸೊಪ್ಪಿನ ಮೇಲೆಲ್ಲ ಹೊಸ ಸೊಪ್ಪು ಇಡುತ್ತಾ ಇಳಿದಳು. ಮನೆಗೆ ಬಂದು ಅವನಿಗೆ ಇಷ್ಟವೆಂದು ಹುರುಳಿ ಸಾರು ಮಾಡಿದಳು. ಸಾರು ಆರಿತು. ಬಿಸಿ ಮಾಡಿದಳು. ಮತ್ತೆ ಆರಿತು.

ಮರುದಿನ ಊರವರು ಹುಡುಕುತ್ತಾ ಹತ್ತಿದರು. ಐದನೆಯ ಅಬ್ಬಿಯ ಕವಲಿನಿಂದ ತಪ್ಪು ಹಾದಿಯಲ್ಲಿ ಹತ್ತು ಹೆಜ್ಜೆ ಹೋದರೆ ಪಾಚಿ ಬಂಡೆ. ಅದರ ಕೆಳಗೆ ಅವನು ಬಿದ್ದಿದ್ದ. ಜೀವ ಇರಲಿಲ್ಲ. ಅಂಡೆ ಬೆನ್ನಿಗೇ ಇತ್ತು. ಅದರ ಬಾಯಿಗೆ ಎಲೆ ಮಡಚಿ ನಾರಿನಿಂದ ಬಿಗಿದಿದ್ದ. ಒಳಗೆ ಅರ್ಧದಷ್ಟು ಜೇನು ಹಾಗೇ ಉಳಿದಿತ್ತು.

ಕಾಲು ಜಾರಿತು, ಪಾಪ, ಎಂದರು ಊರವರು. ಸೊಪ್ಪಿನ ವಿಷಯ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬದುಕಿರುವವರೆಗೂ ಆ ಏಳು ಕವಲುಗಳ ಸೊಪ್ಪು ತೆಗೆಯಲು ಅವಳು ಯಾರಿಗೂ ಬಿಡಲಿಲ್ಲ. ಬಾಡಿದರೆ ತಾನೇ ಹತ್ತಿ ಹಸಿರು ಇಟ್ಟು ಬರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಬೊಮ್ಮಣ್ಣನಿಗೆ ಆ ಹೆಂಗಸಿನ ಮೇಲೆ ಕನಿಕರ ಬಂತು. "ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವಳ ಸಿಟ್ಟು ಇಳಿದಿತ್ತಲ್ಲ" ಎಂದ.

"ಇಳಿದಿತ್ತು. ಆದರೆ ಗಂಡ ಇನ್ನೂ ಮೇಲೇ ಇದ್ದ. ನಿನ್ನ ತಮ್ಮ ಈಗ ಎಷ್ಟನೆಯ ಅಬ್ಬಿಯ ಹತ್ತಿರ ಇದ್ದಾನೆ?"