ಸಿಟ್ಟಿನ ಕೆರೆ

ಮುದ್ದನಹಾಳದಿಂದ ಮೂಡಣ ದಿಕ್ಕಿಗೆ ಹೋಗುವ ಹಳೆಯ ಬಂಡಿದಾರಿಯಲ್ಲಿ ಅರ್ಧ ಹರದಾರಿ ನಡೆದರೆ ಎಡಗಡೆಗೆ ಒಂದು ಕೆರೆ ಸಿಗುತ್ತದೆ. ದೊಡ್ಡದೇನಲ್ಲ. ಮೂರು ಮೂಲೆಗಳಲ್ಲಿ ದಂಡೆ ಗೋಡೆಯ ಹಾಗೆ ಕಡಿದಾಗಿದೆ, ನಾಲ್ಕನೆಯ ಮೂಲೆ ಮಾತ್ರ ಅಗೆಯುವ ಕೆಲಸವನ್ನು ಯಾರೋ ಅರ್ಧಕ್ಕೇ ಬಿಟ್ಟು ಎದ್ದುಹೋದಂತೆ ಇಳಿಜಾರಾಗಿ ಉಳಿದಿದೆ. ದಂಡೆಯ ಆಚೆ ತುದಿಯಲ್ಲಿ ಒಂದು ಚಪ್ಪಟೆ ಕಲ್ಲು. ಕೆರೆಗೆ ಎದುರಾಗಿ, ಅಡುಗೆಕೋಣೆಯ ಗೋಡೆಯಲ್ಲಿ ವಾರೆಯಾಗಿ ಕೊರೆದ ಒಂದು ಹೊಗೆಗಂಡಿ ಇರುವ ಮಣ್ಣಿನ ಮನೆ. ದಾರಿಹೋಕರಿಗೆ ಇಂದಿಗೂ ಅಲ್ಲಿ ರಾತ್ರಿ ಹಾಸಿಗೆ, ಮುಂಜಾನೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಸಿಗುತ್ತವೆ. ಕೆಲವು ವರ್ಷಗಳ ಹಿಂದೆ ಯಾರೋ ಉತ್ಸಾಹಿಗಳು ಕೆರೆಯ ಬದಿಗೆ ‘ಶಾಂತಿ ಸರೋವರ’ ಎಂದು ಬರೆಸಿದ ಹಲಗೆ ನೆಟ್ಟರು. ಊರವರು ಅದನ್ನು ಕಿತ್ತು ದನದ ಗೋದಲಿಗೆ ಅಡ್ಡ ಇಟ್ಟರು. ಒಳ್ಳೆಯ ಕೆಲಸ ಮಾಡಿದರು. ಈ ಕೆರೆಗೆ ಶಾಂತಿ ಎಂದು ಹೆಸರಿಡುವವರಿಗೆ ಹಂಪವ್ವನ ಕತೆ ಗೊತ್ತಿಲ್ಲ ಎಂದೇ ಅರ್ಥ.

ಹಿಂದೆ ಒಮ್ಮೆ, ಶ್ರೀಶೈಲಕ್ಕೆ ಹೋಗುವವರೂ ಹತ್ತಿಯ ಬಂಡಿಗಳೂ ಇದೇ ದಾರಿಯಲ್ಲಿ ಸಾಗುತ್ತಿದ್ದ ಕಾಲದಲ್ಲಿ, ಕೊಟ್ರವ್ವ ಎಂಬಾಕೆ ಇಲ್ಲಿ ಒಂದು ಛತ್ರ ಕಟ್ಟಿಸಿದಳಂತೆ. ಬಂದವರ ಕಾಲಿಗೆ ಬಿಸಿನೀರು, ಬಿರಿದ ಹಿಮ್ಮಡಿಗೆ ಹರಳೆಣ್ಣೆ, ಎತ್ತಿಗೆ ಮೇವು, ಬಂಡಿಯ ಅಚ್ಚಿಗೆ ಕೀಲೆಣ್ಣೆ, ಹೊರಡುವಾಗ ಕಟ್ಟಿದ ಬುತ್ತಿ, ಯಾವುದಕ್ಕೂ ಬೆಲೆಯಿಲ್ಲ. ಮಲಗಲು ಉದ್ದನೆಯ ಪಡಸಾಲೆ. ಬಾಗಿಲಿದ್ದ ಕೋಣೆ ಒಂದೇ ಒಂದು. ಅದು ತವರಿಗೆ ಹೊರಟ ಬಸುರಿಯರಿಗೆ, ಬಾಣಂತಿಯರಿಗೆ ಎಂದು ಕಟ್ಟಿಸಿದ್ದು. ಸಾಯುವಾಗ ಕೊಟ್ರವ್ವ ಸೊಸೆ ಹಂಪವ್ವನ ಕೈಹಿಡಿದು ಮಾತು ತೆಗೆದುಕೊಂಡಳು: ಬಂದವರ ಕುಲ ಕೇಳಬಾರದು, ಕೊಟ್ಟ ಜಾಗದಿಂದ ಎಬ್ಬಿಸಬಾರದು, ಹೋಗು ಎನ್ನಬಾರದು, ಎಂದು ಹೋಗುತ್ತೀ ಎಂದೂ ಕೇಳಬಾರದು. ಆ ಮಾತು ಈ ಮನೆಯವರ ಬಾಯಿಂದ ಬಂದ ದಿನ ಒಲೆಗೆ ನೀರು ಸುರಿದು ಕದ ಹಾಕಬೇಕು. ಹಂಪವ್ವ ಆಗಲಿ ಎಂದಳು. ಗಂಡ ತೀರಿಕೊಂಡು, ಮಕ್ಕಳೂ ಇಲ್ಲದ ಆಕೆಗೆ ಆ ಒಲೆಯೇ ಸಂಸಾರ. ಕೊಟ್ಟ ಮಾತು ಎಷ್ಟು ಭಾರದ್ದೆಂದು ಅವಳಿಗೆ ತಿಳಿದದ್ದು ರಾಚೋಟಪ್ಪ ಬಂದ ಮೇಲೆ.

ರಾಚೋಟಪ್ಪ ಹೊಳೆಯಾಚೆಯವನು, ಗಾಣದ ಮನೆಯ ಯಜಮಾನ, ಅರವತ್ತರ ಆಸುಪಾಸು. ಶ್ರೀಶೈಲದಿಂದ ಮರಳುವಾಗ ಕಾಲು ಮುರಿದುಕೊಂಡು, ಯಾರದೋ ಬಂಡಿಯಲ್ಲಿ ಮಲಗಿಕೊಂಡು ಬಂದಿಳಿದ. ಪಡಸಾಲೆಯ ಗಾಳಿ ಮುರಿದ ಎಲುಬಿಗೆ ಆಗದೆಂದು ಹಂಪವ್ವನೇ ಅವನನ್ನು ಬಾಗಿಲಿನ ಕೋಣೆಯಲ್ಲಿ ಮಲಗಿಸಿದಳು. ಮೂರು ತಿಂಗಳಿಗೆ ಎಲುಬು ಕೂಡಿತು, ಆರು ತಿಂಗಳಿಗೆ ಗಟ್ಟಿಯಾಗಿ ನಡೆದಾಡಿದ. ಹೋಗಲಿಲ್ಲ. ಬೆಳಗಾದರೆ ಸ್ನಾನ ಮಾಡಿ, ವಿಭೂತಿ ಧರಿಸಿ, ಗಂಟು ಪಕ್ಕಕ್ಕಿಟ್ಟುಕೊಂಡು ಅಡುಗೆಕೋಣೆಯ ಬಾಗಿಲನ್ನೇ ನೋಡುತ್ತ ಕೂರುವನು. ರೊಟ್ಟಿ ಕೊಟ್ಟರೆ ತಿಂದು, ನಿಟ್ಟುಸಿರು ಬಿಟ್ಟು, ಮತ್ತೆ ಒಳಗೆ ಹೋಗುವನು. ತಿನ್ನುವಾಗ ಒಂದು ತಕರಾರು ತಪ್ಪಿದ್ದಲ್ಲ. ಹಾಸಿಗೆ ಚುಚ್ಚುತ್ತದೆ ಎಂದ. ಹಂಪವ್ವ ಹಲ್ಲು ಕಚ್ಚಿಕೊಂಡು ಬೂರುಗದ ಅರಳೆ ತರಿಸಿ ಎಲ್ಲರ ಹಾಸಿಗೆಗೂ ತುಂಬಿಸಿದಳು. ಹೊಗೆ ಎಂದ, ಗೋಡೆ ಕೊರೆಸಿ ಗಂಡಿ ಇಡಿಸಿದಳು. ರೊಟ್ಟಿ ದಪ್ಪ ಎಂದ. ಮೊಣಕೈ ನೋಯುವವರೆಗೆ ಬಡಿದು ತೆಳ್ಳಗೆ ಮಾಡಿದಳು. ಛತ್ರದ ಹೆಸರು ಹತ್ತೂರಿಗೆ ಹಬ್ಬಿತು. ಹೊಗಳಿ ಹೋದವರಿಗೆಲ್ಲ ಅಲ್ಲಿಯ ಅನುಕೂಲ ಕಂಡಿತೇ ಹೊರತು ಅದನ್ನು ಮಾಡಿದವಳು ಒಳಗೊಳಗೇ ಬೇಯುತ್ತಿದ್ದದ್ದು ಕಾಣಲಿಲ್ಲ.

ಬೇಯುವುದೆಂದರೆ ಅಷ್ಟಿಷ್ಟಲ್ಲ. ಬಸುರಿಯೊಬ್ಬಳು ಬಂದು ಪಡಸಾಲೆಯಲ್ಲಿ ಸೆರಗು ಹೊದ್ದು ಮುದುರಿ ಮಲಗಿದಾಗಲೆಲ್ಲ ಹಂಪವ್ವನ ನಾಲಗೆಯ ತುದಿಗೆ ಆ ಮಾತು ಬಂದು ನಿಲ್ಲುತ್ತಿತ್ತು. ನುಂಗಿದರೆ ಎದೆ ಉರಿ, ಉಗುಳಿದರೆ ಒಲೆ ಆರುತ್ತದೆ. ಒಂದು ದಿನ ಇನ್ನು ತಡೆಯಲಾರೆ ಎನಿಸಿ, ಗುದ್ದಲಿ ಬುಟ್ಟಿ ಹಿಡಿದು ಎದುರಿನ ಗರಸು ನೆಲಕ್ಕೆ ಹೋದಳು. ಒಂದು ಬುಟ್ಟಿ ಮಣ್ಣು ಅಗೆದು ಆಚೆ ಸುರಿದಳು. ತುಸು ಹಗುರಾಯಿತು. ಅಂದಿನಿಂದ ಅದೇ ರೂಢಿ. ಹಾಸಿಗೆಯ ಮಾತಿಗೆ ಎರಡು ಬುಟ್ಟಿ, ಹೊಗೆಯ ಮಾತಿಗೆ ನಾಲ್ಕು. ಪಲ್ಲೆಗೆ ಬೆಳ್ಳುಳ್ಳಿ ಹೆಚ್ಚಾಯಿತೆಂದ ದಿನ ಹೊತ್ತು ಮುಳುಗುವವರೆಗೆ ಅಗೆದಳಂತೆ. ಹಂಪವ್ವ ಎಲ್ಲಿ ಎಂದು ಯಾರಾದರೂ ಕೇಳಿದರೆ ಊರ ಹೆಂಗಸರು, “ಸಿಟ್ಟು ಸುರ್ಯಾಕ ಹೋಗ್ಯಾಳ” ಎನ್ನುತ್ತಿದ್ದರು. ರಾಚೋಟಪ್ಪನೂ ಆ ಗುಂಡಿಯನ್ನು ನೋಡಲು ಬಂದ. ಅಂಚಿನಲ್ಲಿ ನಿಂತು, ಮೂಲೆ ಸೊಟ್ಟಗಿದೆ ಎಂದ. ಆ ಮೂಲೆ ಈಗ ನೆಟ್ಟಗಿದೆ.

ಒಂದೂವರೆ ವರ್ಷ ಕಳೆಯಿತು. ಬೇಸಿಗೆಯ ಒಂದು ಮಧ್ಯಾಹ್ನ, ತವರಿಗೆ ಹೊರಟ ತುಂಬು ಬಸುರಿಯೊಬ್ಬಳನ್ನು ಬಂಡಿಯಿಂದ ಇಳಿಸುವಾಗಲೇ ಅವಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಹೊರಗೆ ಸುಳಿಗಾಳಿ, ಧೂಳು. ಹಂಪವ್ವ ಕೋಣೆಯ ಕಡೆ ನೋಡಿದಳು. ಬಾಯಿಬಿಟ್ಟು ಕೇಳುವಂತಿಲ್ಲ, ಕಣ್ಣಿನಲ್ಲೇ ಕೇಳಿದಳು. ಬಾಗಿಲಲ್ಲಿ ನಿಂತಿದ್ದ ರಾಚೋಟಪ್ಪ ಬಸುರಿಯನ್ನು ನೋಡಿದ, ಹಂಪವ್ವನನ್ನು ನೋಡಿದ, ಒಳಗೆ ಹೋಗಿ ಕದ ಹಾಕಿಕೊಂಡು ಅಗುಳಿ ಜಡಿದ. ಹೆಂಗಸರು ಪಡಸಾಲೆಗೆ ಅಡ್ಡಲಾಗಿ ಕಂಬಳಿ ಕಟ್ಟಿ, ಹಾರುವ ಧೂಳಿನಲ್ಲೇ ಹೆರಿಗೆ ಮಾಡಿಸಿದರು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದರು. ಮಗುವಿನ ಕಣ್ಣಿನ ಧೂಳು ಒರೆಸಿ ಕೊಟ್ಟ ಹಂಪವ್ವ ಗುದ್ದಲಿ ತೆಗೆದುಕೊಂಡಳು. ಆ ಸಂಜೆ ಅಗೆದಳು, ಮರುದಿನ ಕೋಳಿ ಕೂಗುವಾಗ ಮತ್ತೆ ಇಳಿದಳು. ಒಂದೊಂದು ಏಟಿಗೂ ಹೋಗು, ಹೋಗು, ಹೋಗು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಬಿಸಿಲು ಏರುವ ಹೊತ್ತಿಗೆ ಗುದ್ದಲಿಯ ಬಾಯಿ ಒದ್ದೆಯಾಯಿತು. ಕಲ್ಲಿನ ಸಂದಿನಿಂದ ನೀರು ಜಿನುಗಿ, ಅವಳ ಪಾದ ಮುಚ್ಚಿತು.

ಮನೆಗೆ ಬಂದ ಹೊಸದನ್ನು ಮೊದಲು ಅತಿಥಿಗೆ, ಅದರಲ್ಲೂ ಎಲ್ಲರಿಗಿಂತ ಮೊದಲು ಬಂದವನಿಗೆ ಕೊಡಬೇಕೆಂಬುದೂ ಕೊಟ್ರವ್ವ ಹಾಕಿದ ಕಟ್ಟಳೆಯೇ. ಮೊದಲ ಕೊಡ ತುಂಬಿಕೊಂಡು ಹೊರಟ ಹಂಪವ್ವನಿಗೆ ಅದು ಯಾರಿಗೆ ಸಲ್ಲಬೇಕೆಂದು ನೆನೆದು ಅಳು ಬಂದಿತು. ಇವತ್ತು ಹೇಳಿಯೇ ಬಿಡುತ್ತೇನೆ, ಒಲೆ ಆರಿದರೆ ಆರಲಿ ಎಂದು ಗಟ್ಟಿ ಮಾಡಿಕೊಂಡು ಹೋಗಿ ನಿಂತಳು. ರಾಚೋಟಪ್ಪ ಬೊಗಸೆಯೊಡ್ಡಿ ನೀರು ಕುಡಿದ. ಆಮೇಲೆ ಅವಳ ಕಾಲ ಬಳಿ ಕುಸಿದು ಕುಳಿತ.

“ತಂಗೆವ್ವ, ಹಾಸಿಗಿ ಚುಚ್ತೈತಿ ಅಂದೆ, ಹೊಸಾದು ಹಾಸಿದಿ. ಹೊಗಿ ಅಂದೆ, ಗ್ವಾಡಿ ಒಡಸಿದಿ. ಇನ್ನ ಏನಂದ್ರ ನಿನಗ ಸಿಟ್ಟು ಬರ್ತೈತಿ? ಏನಂದ್ರ ನನ್ನ ಕಳಸ್ತಿ? ಅದನ್ನರ ಹೇಳು.”

“ಕಳಸೂದಂದ್ರ?”

“ಉಂಡ ಮನಿಯವ್ರು ಹೋಗಿ ಬಾ ಅನ್ನದ ನಾವು ಹೊಸ್ತಲಾ ದಾಟೂದಿಲ್ಲ. ಹೊಳಿ ಆಚಿ ಪದ್ಧತಿ. ಬಾಯಿಬಿಟ್ಟು ಕೇಳಿದ್ರ, ನಿನ್ನ ರೊಟ್ಟಿ ಸಾಕಾತು ಅಂದಂಗ ಆಗ್ತೈತಿ. ಕೇಳಿದವರಿಗೂ ಕೇಳದವರಿಗೂ ನೀ ಬುತ್ತಿ ಕಟ್ಟಿ ಕೊಡ್ತಿ, ಒಬ್ಬರಿಗೂ ಹೋಗು ಅನ್ನೂದಿಲ್ಲ. ಇವರೆಲ್ಲ ಹಂಗ ಎದ್ದು ಹೋಗ್ತಾರ, ಮರ್ಯಾದಿ ಇಲ್ಲದವರು. ಮನ್ಯಾಗ ನಮ್ಮಾಕಿ, ನಾ ಸತ್ತೆ ಅಂತ ಬಳಿ ಒಡಕೊಂಡಾಳೋ ಏನೋ.”

ಬಳೆಯ ಮಾತಿಗೆ ಹಂಪವ್ವನ ಕೈ ತಾನಾಗಿ ತನ್ನ ಬರಿಗೈಯನ್ನು ಮುಟ್ಟಿಕೊಂಡಿತು. ಆದರೂ ಕೇಳದೆ ಇರಲಾಗಲಿಲ್ಲ. “ನಿನ್ನೆ ಆ ಬಾಗಲಾ ಯಾಕ ಹಾಕ್ಕೊಂಡ್ರಿ?”

“ಹೆಣ್ಮಗಳು ಬ್ಯಾನಿ ತಿನ್ನೂ ಮುಂದ ಗಂಡಸು ಹೊರಗ ಬಂದು ನಿಂದರೂದೇನ, ತಂಗೆವ್ವ?”

ಅವಳಿಗೆ ಕೂಗಬೇಕೆನಿಸಿತು ಎನ್ನುತ್ತಾರೆ. ಅವನ ಮೇಲೆ, ತನ್ನ ಮೇಲೆ, ಸತ್ತು ಸ್ವರ್ಗ ಸೇರಿ ನಿಶ್ಚಿಂತೆಯಾಗಿ ಕುಳಿತ ಅತ್ತೆಯ ಮೇಲೆ. ಅವಳು ಹೋಗು ಎನ್ನುವಂತಿಲ್ಲ, ಅವಳು ಹೋಗು ಎನ್ನದೆ ಅವನು ಹೋಗುವಂತಿಲ್ಲ. ತನ್ನ ಕಟ್ಟಳೆಯನ್ನು ಅವನಿಗೆ ವಿವರಿಸಿದರೂ ಅದು ಹೋಗು ಎಂದಂತೆಯೇ ಅಲ್ಲವೇ? ಆಮೇಲೆ ಕೊಡ ಕೆಳಗಿಟ್ಟು ಕೋಣೆಯೊಳಗೆ ಹೋಗಿ, ಅವನ ಧೋತರ, ವಿಭೂತಿಗಟ್ಟಿ, ಕಂಬಳಿಯನ್ನೆಲ್ಲ ಒಂದು ಗಂಟಾಗಿ ಕಟ್ಟಿ, ಮೇಲೆ ಬುತ್ತಿ ಇಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೊಸ್ತಿಲು ದಾಟಿದಳು. ತುಟಿ ಬಿಗಿದುಕೊಂಡೇ ಇದ್ದಳು. ಮನೆಯ ಯಜಮಾನಿ ತಾನೇ ಗಂಟು ಹೊತ್ತು ಕಳಿಸಲು ಬರುವುದು ಹೊಳೆಯಾಚೆಯವರಿಗೆ ಬಾಯಿಮಾತಿಗಿಂತ ದೊಡ್ಡ ಮರ್ಯಾದೆ. ರಾಚೋಟಪ್ಪ ಮೇಲೆದ್ದು, ಕಣ್ಣೊರೆಸಿಕೊಂಡು, ಕೋಲು ಊರುತ್ತ ಹಿಂದೆಯೇ ನಡೆದ. ದಂಡೆಯ ತುದಿಯ ಚಪ್ಪಟೆ ಕಲ್ಲಿನ ಮೇಲೆ ಅವಳು ಗಂಟು ಇಳಿಸಿದಳು. ಅವನು ಅದನ್ನು ಎತ್ತಿಕೊಂಡು, “ಗಂಟು ಸಡಲ ಆಗೈತಿ” ಎಂದ. ಅಷ್ಟು ಹೇಳಿ ಹೋದ. ಅವನ ಹೆಂಡತಿ ಬಳೆ ಒಡೆದುಕೊಂಡಿರಲಿಲ್ಲವೆಂದೂ, ಮೂರು ದಿನ ಬಿಡದೆ ಬೈದಳೆಂದೂ ಆಮೇಲೆ ಬಂಡಿಯವರಿಂದ ಸುದ್ದಿ ಬಂತು.

ಇಂದಿಗೂ ಆ ಮನೆಯಲ್ಲಿ ಯಾರಿಗೂ ಹೋಗು ಎನ್ನುವುದಿಲ್ಲ, ಎಂದು ಹೋಗುತ್ತೀರೆಂದು ಕೇಳುವುದಿಲ್ಲ. ಬಾಗಿಲಿನ ಕೋಣೆಯಲ್ಲಿ ಗಂಡಸರನ್ನು ಮಲಗಿಸುವುದಿಲ್ಲ, ಕಾಲು ಮುರಿದಿದ್ದರೂ ಸರಿ. ಹೊರಡುವವರ ಚೀಲವನ್ನು ಮನೆಯವರೇ ಹೊತ್ತು, ತುಟಿ ಬಿಚ್ಚದೆ ಆ ಕಲ್ಲಿನವರೆಗೆ ತಂದಿಡುತ್ತಾರೆ. ಹೊಸಬರು ತಮ್ಮನ್ನು ಅಟ್ಟುತ್ತಿದ್ದಾರೆಂದು ತಿಳಿದು ಮುಖ ಊದಿಸಿಕೊಳ್ಳುವುದುಂಟು. ಅಂಥವರನ್ನು ನಮ್ಮ ಹಿರಿಯರು ಕೆರೆಯ ನಾಲ್ಕನೆಯ ಮೂಲೆಗೆ ಕರೆದೊಯ್ದು ತೋರಿಸುತ್ತಾರೆ. ರಾಚೋಟಪ್ಪ ಹೋದ ಮರುದಿನ ಹಂಪವ್ವ ಉಳಿದ ಮೂಲೆಯನ್ನು ಮುಗಿಸೋಣವೆಂದು ಗುದ್ದಲಿ ಹಿಡಿದು ಇಳಿದಳಂತೆ. ಎತ್ತಿದಳು. ಹೊಡೆಯಲು ಮನಸ್ಸು ಬರಲಿಲ್ಲ. ಇನ್ನೆರಡು ದಿನ ಬಂದು ನೋಡಿದಳು, ಆಗಲೂ ಬರಲಿಲ್ಲ. ಮುಂಜಾನೆಯ ರೊಟ್ಟಿ ದಪ್ಪವಾಗಿತ್ತೆಂದು ಹೇಳುವವರೂ ಮನೆಯಲ್ಲಿ ಯಾರೂ ಇರಲಿಲ್ಲ. ಗುದ್ದಲಿ ಕೆಳಗಿಟ್ಟು ಬಂದುಬಿಟ್ಟಳು. ಬೇರೆ ಮೂರು ಮೂಲೆಗಳಲ್ಲಿ ಕುರಿಮರಿಯೊಂದು ಇಳಿಯಲಾರದಷ್ಟು ಕಡಿದು. ಸುತ್ತಲಿನ ಊರುಗಳ ದನಕರುಗಳೆಲ್ಲ ಸಂಜೆ ಆ ಒಂದು ಮೂಲೆಯಿಂದಲೇ ನೀರಿಗೆ ಇಳಿಯುತ್ತವೆ.