ಡೋಲಿನವಳ ಅಪ್ಪಣೆ

"ಗುರುಗಳೇ, ಕಣ್ಣನ್ನೂ ಕಿವಿಯನ್ನೂ ಪೂರ್ತಿ ಕಲಿತೆ. ಇನ್ನು ಹೊರಟು ನಾನೇ ವೈದ್ಯ ಮಾಡಬಹುದೇ?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ಕಲ್ಲಿನ ಮೇಲೆ ಬೇರು ತೇಯುತ್ತಿದ್ದ ಗುರು ತಲೆ ಎತ್ತಿದರು. ಅವರು ಬಾಯಿ ತೆರೆಯುವ ಮೊದಲೇ ಕೊಟ್ರಯ್ಯ ಪಾಠ ಒಪ್ಪಿಸತೊಡಗಿದ. ಬೆಳಕು ಪಾಪೆಯಿಂದ ಒಳಹೊಕ್ಕು, ಮಸೂರ ದಾಟಿ, ಹಿಂದಿನ ಪಟದ ಮೇಲೆ ತಲೆಕೆಳಗಾದ ಚಿತ್ರವಾಗಿ ಬೀಳುತ್ತದೆ. ಸದ್ದು ಕಿವಿಯ ತಮಟೆಗೆ ಬಡಿದು, ಮೂರು ಪುಟ್ಟ ಎಲುಬುಗಳನ್ನು ಅಲುಗಿಸಿ, ಶಂಖದಂಥ ಸುರುಳಿಗೆ ಇಳಿಯುತ್ತದೆ. ಅದರ ಪಕ್ಕದಲ್ಲೇ ನೀರು ತುಂಬಿದ ಮೂರು ಬಾಗಿದ ಕೊಳವೆಗಳು. ದೇಹದ ಸಮತೋಲ ಅಲ್ಲಿಂದ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಒಂದೂ ತಪ್ಪಿರಲಿಲ್ಲ. ಗುರುವಿಗೆ ರೇಗಿದ್ದೂ ಅದಕ್ಕೇ.

"ಮುಗಿಯಿತೇ? ಹಾಗಾದರೆ ಕೂತುಕೋ," ಎಂದರು. ಕೊಟ್ರಯ್ಯ ನಿಂತೇ ಇದ್ದ. ಗುರು ಉಸಿರು ಬಿಟ್ಟು, ಕತೆ ಶುರುಮಾಡಿದರು.

ಹಗ್ಗದ ಮೇಲೆ ನಡೆಯುವ ಒಬ್ಬ ಆಟಗಾರನಿದ್ದ. ಎರಡು ಕಡೆ ಬಿದಿರು ನೆಟ್ಟು, ಹಗ್ಗ ಬಿಗಿದು, ಅವನು ಮೇಲೆ ನಡೆದರೆ ಹೆಂಡತಿ ಕೆಳಗೆ ನಿಂತು ಡೋಲು ಬಾರಿಸುವಳು. ಸಂತೆಯಿಂದ ಸಂತೆಗೆ ಹೋಗುವ ಬದುಕು. ಅವರ ಕುಲದಲ್ಲಿ ಒಂದು ಕಟ್ಟಳೆಯಿತ್ತು. ಹತ್ತುವವನು ಡೋಲಿನವರನ್ನು "ಹತ್ತಲಾ?" ಎಂದು ಕೇಳಬೇಕು. ಅವರು "ಹತ್ತು" ಎಂದ ಮೇಲೆಯೇ ಬಿದಿರಿಗೆ ಕಾಲಿಡಬೇಕು. ಮೇಲಿರುವವನಿಗೆ ಹಗ್ಗದ ತುದಿಯಷ್ಟೇ ಕಾಣುತ್ತದೆ. ಅವನ ಕಾಲು, ಹಗ್ಗ, ಬಿದಿರು ಎಲ್ಲ ಒಟ್ಟಿಗೆ ಕಾಣುವುದು ಕೆಳಗಿರುವವರಿಗೆ. ಹಿರಿಯರು ಸುಮ್ಮಸುಮ್ಮನೆ ಮಾಡಿದ ಕಟ್ಟಳೆಯಲ್ಲ.

ಮದುವೆಯಾದ ಹೊಸದರಲ್ಲಿ ಅವನು ಕೇಳುತ್ತಿದ್ದ, ನಿಲ್ಲುತ್ತಿದ್ದ, ಉತ್ತರ ಬಂದ ಮೇಲೆ ಹತ್ತುತ್ತಿದ್ದ. ಬರಬರುತ್ತ "ಹತ್ತಲಾ?" ಎನ್ನುವ ಹೊತ್ತಿಗೆ ಅರ್ಧ ಬಿದಿರು ಏರಿರುತ್ತಿದ್ದ. ಅವಳು "ಹತ್ತು" ಎನ್ನುವುದು ಅವನ ಬೆನ್ನಿಗೆ. ಬೆನ್ನಿಗೆ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು.

ಒಂದು ಮಳೆಗಾಲ ಅವನ ಕಿವಿ ಸೋರಿತು. ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡ. ನೋವು ಹೋಯಿತು. ಆದರೆ ಅಂದಿನಿಂದ ಹಗ್ಗದ ತುದಿಯಲ್ಲಿ ತಿರುಗುವಾಗ ಮೈ ಓಲಾಡತೊಡಗಿತು. ಹಗ್ಗ ಸಡಿಲ ಎಂದ. ಅವಳು ಬಿಗಿದಳು. ಹಗ್ಗವೇ ಹಳತು ಎಂದ. ಹೊಸದು ತಂದಳು. ಬಿದಿರು ಅಲುಗುತ್ತದೆ ಎಂದ. ನಾಲ್ಕು ಊರಲ್ಲಿ ಬಿದಿರು ಕಿತ್ತು ನೆಟ್ಟು ಅವಳ ಅಂಗೈಯಲ್ಲಿ ಬೊಬ್ಬೆ ಎದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನಿಗೆ ಯಾವ ಊರಿನ ನೆಲವೂ ನೆಟ್ಟಗೆ ಕಾಣಲಿಲ್ಲ.

ಅವಳಿಗೆ ರೇಗಿಹೋಯಿತು. "ನೆಟ್ಟಗೆ ನಡೆಯೋವಾಗ ಏನೂ ಇಲ್ಲ, ತಿರುಗೋವಾಗಲೇ ತೂರಾಡ್ತೀಯ. ಕಿವಿ ಸೋರಿದ ಮೇಲೆ ಶುರುವಾದದ್ದು ಇದು. ವೈದ್ಯರಿಗೆ ತೋರಿಸು ಮಾರಾಯ!" ಎಂದಳು.

ಅವನು ನಕ್ಕುಬಿಟ್ಟ. "ನಾನು ನಡೆಯೋದು ಕಾಲಿಂದ ಕಣೇ, ಕಿವಿಯಿಂದಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ? ಅವಳೇ ವೈದ್ಯನ ಬಳಿ ಹೋದಳು. ವೈದ್ಯ ಅವಳ ಮಾತೆಲ್ಲ ಕೇಳಿದ. ನೆಟ್ಟಗೆ ನಡೆಯುವಾಗ ಕಣ್ಣು ಅವನನ್ನು ಕಾಯುತ್ತದೆ, ತಲೆ ತಿರುಗಿಸಿದಾಗ ಎಷ್ಟು ತಿರುಗಿತೆಂದು ಮೈಗೆ ತಿಳಿಸಬೇಕಾದದ್ದು ಕಿವಿಯೊಳಗಿನ ನೀರು, ಕಾಯಿಲೆ ಅಲ್ಲಿದೆ ಎಂದ. ಕರೆದುಕೊಂಡು ಬಾ, ಅಲ್ಲಿಯವರೆಗೆ ಹಗ್ಗ ಹತ್ತಿಸಬೇಡ ಎಂದೂ ಹೇಳಿದ.

ಅವಳು ಸಂತೆಗೆ ಓಡಿ ಬಂದಳು. ಜನ ಸೇರಿಬಿಟ್ಟಿದ್ದರು. ಅವಳನ್ನು ಕಂಡದ್ದೇ ಅವನು ಬಿದಿರು ಏರುತ್ತ, "ಹತ್ತಲಾ?" ಎಂದ.

"ಬೇಡ! ಇಳಿ ಕೆಳಗೆ!"

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಉತ್ತರ ಬೇರೆಯಾಗಿತ್ತು. ಅವನು ಎಂದಿನಂತೆ, ಆಯಿತು ಎಂದು ಹಿಂದಕ್ಕೆ ಕೈ ಬೀಸಿ ಮೇಲೇರಿದ. ಅವಳು ಡೋಲನ್ನು ಮುಟ್ಟಲಿಲ್ಲ. ಗಂಟಲು ಹರಿಯುವಂತೆ ಕೂಗಿದಳು. ಅದೂ ಆಟದ ಒಂದು ಭಾಗವೆಂದು ಜನ ಚಪ್ಪಾಳೆ ತಟ್ಟಿದರು. ಅವನು ತುದಿಯವರೆಗೆ ನೆಟ್ಟಗೆ ನಡೆದ. ತಿರುಗಿದ. ಬಿದ್ದ.

ಜೀವ ಉಳಿಯಿತು, ಸೊಂಟ ಉಳಿಯಲಿಲ್ಲ. ದೂಳಿನಲ್ಲಿ ಬಿದ್ದುಕೊಂಡೇ ಅವನು ಹೆಂಡತಿಯ ಮುಖ ನೋಡಿ, "ಒಂದು ಮಾತು ಹೇಳಬಾರದಿತ್ತೇನೇ?" ಎಂದ. ಅವಳು ಹಣೆ ಹಣೆ ಚಚ್ಚಿಕೊಂಡು ಅತ್ತಳು. ಆ ಅಳುವಿನಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಗುರು ಕತೆ ನಿಲ್ಲಿಸಿ ಮತ್ತೆ ಬೇರನ್ನು ಕೈಗೆತ್ತಿಕೊಂಡರು. ಕೊಟ್ರಯ್ಯನಿಗೆ ತಡೆಯಲಾಗಲಿಲ್ಲ. "ಅಷ್ಟು ಕೂಗಿದರೂ ಅವನಿಗೆ ಕೇಳಿಸಲಿಲ್ಲವೇ, ಗುರುಗಳೇ? ಕಿವಿ ಅಷ್ಟು ಮಂದವಾಗಿತ್ತೇ?"

ಗುರು ತೇಯುವುದನ್ನು ಬಿಟ್ಟು ಶಿಷ್ಯನನ್ನು ಮೇಲಿಂದ ಕೆಳಗೆ ನೋಡಿದರು.

"ಕಂಕುಳಲ್ಲಿರುವ ಆ ಬಟ್ಟೆಗಂಟನ್ನು ಮೊದಲು ಕೆಳಗಿಡು, ಹೊರಡಬಹುದೇ ಎಂದು ಆಮೇಲೆ ಕೇಳುವೆಯಂತೆ."