ಎಪ್ಪತ್ತು ತಲೆ, ಒಂದು ಬೀಗದ ಕೈ

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿಕೊಳ್ಳಿ. ಒಂದು ಊರು, ಊರಿಗೊಂದು ಸರ್ಕಾರಿ ಹೈಸ್ಕೂಲು. ಅಲ್ಲಿ ಬಿಸಿಯೂಟ ಬೇಯಿಸೋಳು ದ್ಯಾವಮ್ಮ, ಗಂಟೆ ಹೊಡೆಯೋನು ಅವಳ ಮಗ ಕಾಟಯ್ಯ. ವಯಸ್ಸು ಮೂವತ್ತೆರಡು, ಮೀಸೆ ಗೇಣುದ್ದ, ಬುದ್ಧಿ ಮಾತ್ರ ಸಾಸಿವೆ ಕಾಳಷ್ಟು. ಅಪ್ಪ ಸತ್ತ ಮೇಲೆ ಅಪ್ಪನ ಜವಾನನ ಕೆಲಸ ಮಗನಿಗೆ ಬಂತು, ಅಪ್ಪನ ಬುದ್ಧಿ ಬರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಅವನ ಕಾಯಿಲೆ. "ಇವನನ್ನ ಹೆತ್ತ ಹೊಟ್ಟೆಗಿಷ್ಟು ಬೆಂಕಿ ಹಾಕ!" ಅಂತ ದ್ಯಾವಮ್ಮ ದಿನಕ್ಕೆ ಮೂರು ಸಲ ಹಣೆ ಚಚ್ಚಿಕೊಳ್ಳೋಳು.

ಒಂದು ಮಂಗಳವಾರ ಹೆಡ್ ಮೇಡಂ ಗಿರಿಜಾಂಬ ಅಡಿಗೆಮನೆಗೇ ಬಂದ್ರು. ಮುಖ ಬಾಡಿತ್ತು.

"ದ್ಯಾವಮ್ಮ, ಶುಕ್ರವಾರ ತಾಲೂಕು ಆಫೀಸಿನ ಸಾಹೇಬರು ಮಕ್ಕಳನ್ನ ಎಣಿಸೋಕೆ ಬರ್ತಾರೆ. ಎಪ್ಪತ್ತಿದ್ರೆ ಸರಿ. ಒಂದು ಕಮ್ಮಿಯಾದ್ರೂ ಲೆಕ್ಕದ ಅನಸೂಯಾ ಮೇಡಂ ಎತ್ತಂಗಡಿ!"

"ಎತ್ತಿನ ಅಂಗಡಿಯಾ? ಲೆಕ್ಕದ ಮೇಡಂ ಎತ್ತು ಮಾರ್ತಾರಾ?" ಅಂದ ಕಾಟಯ್ಯ.

"ಬೇರೆ ಊರಿಗೆ ವರ್ಗ ಮಾಡ್ತಾರೆ ಕಣೋ ಮಂಕೇ! ಹೋಗು, ನಮ್ಮಲ್ಲಿ ಎಷ್ಟು ತಲೆ ಇದೆ ಎಣಿಸ್ಕೊಂಡು ಬಾ."

ಕಿವಿ ಕೇಳದ ನಾಸಿರನಿಗೋಸ್ಕರ ಕೈಸನ್ನೆ ಕಲಿತು ಲೆಕ್ಕ ಹೇಳಿಕೊಟ್ಟೋರು ಅನಸೂಯಾ ಮೇಡಂ. ಗಾಲಿಕುರ್ಚಿಯ ಪುಟ್ಟಲಕ್ಷ್ಮಿಗೋಸ್ಕರ ಇಡೀ ಕ್ಲಾಸನ್ನೇ ಮೆಟ್ಟಿಲಿಲ್ಲದ ರೂಮಿಗೆ ಇಳಿಸಿದೋರೂ ಅವರೇ. ಸ್ಕೂಲಿನ ಕಾಗದದಲ್ಲಿ 'ವಿಶೇಷ ಮಕ್ಕಳು' ಅಂತ ಬರೆದಿದ್ದುದು ಆ ಇಬ್ಬರ ಹೆಸರೇ. ಮೇಡಂ ಹೋದ್ರೆ ಆ ಎರಡು ಮಕ್ಕಳೂ ಮನೆ ಮೂಲೆ ಸೇರ್ತಾವೆ ಅಂತ ದ್ಯಾವಮ್ಮನಿಗೆ ಸಂಕಟವಾಯ್ತು.

ಅಷ್ಟರಲ್ಲಿ ಕಾಟಯ್ಯ ಬಂದ. "ತೊಂಬತ್ತು ತಲೆ!"

"ತೊಂಬತ್ತಾ? ಎಲ್ಲಿಂದ ಬಂದ್ವೋ?"

"ಮಕ್ಕಳು ಎಪ್ಪತ್ತು. ಮೇಡಂ, ಮೇಷ್ಟ್ರು ಸೇರಿ ಆರು. ನಿಂದೊಂದು. ಗೋಡೆ ಮೇಲಿನ ಫೋಟೋ ಹನ್ನೆರಡು. ವಿಜ್ಞಾನದ ರೂಮಿನ ಬುರುಡೆ ಒಂದು."

"ಥೂ! ನಿನ್ನ ತಲೆ ಎಲ್ಲಿ ಬಿಟ್ಟೆ?"

"ನಂಗೆ ತಲೆ ಇಲ್ಲ ಅಂತ ನೀನೇ ದಿನಾ ಅಂತೀಯಲ್ಲವ್ವಾ!"

ದ್ಯಾವಮ್ಮ ಸೌಟು ಎತ್ತಿದಳು, ಹಾಗೇ ಇಳಿಸಿದಳು. "ತಲೆ ಎಣಿಸಬ್ಯಾಡ ಮಾರಾಯ. ನಾಳೆ ಗೇಟಿನ ಹತ್ರ ನಿಂತ್ಕೋ. ಸ್ಕೂಲಿಗೆ ಕಾಲಿಟ್ಟ ಮಕ್ಕಳನ್ನ ಎಣಿಸು."

"ಹಂಗೇ ಆಗಲವ್ವ."

ಬುಧವಾರ ಗೇಟಿನ ಹತ್ರ ಕುಕ್ಕರುಗಾಲಲ್ಲಿ ಕೂತ. ಒಳಗೆ ಬಿದ್ದ ಒಂದೊಂದು ಕಾಲನ್ನೂ ಬಗ್ಗಿ ಬಗ್ಗಿ ನೋಡಿದ. "ಅರವತ್ತೊಂಬತ್ತು!"

"ಯಾರೋ ಬಂದಿಲ್ಲ?"

"ಎಲ್ಲಾ ಬಂದವ್ರೆ. ಪುಟ್ಟಲಕ್ಷ್ಮಿ ಮಾತ್ರ ಕಾಲಿಡಲಿಲ್ಲವ್ವ, ಗಾಲಿ ಇಟ್ಲು!"

"ಅಯ್ಯೋ ಮುಟ್ಠಾಳ! ಆ ಮಗೂನೇ ಬಿಟ್ಯಾ? ಕಾಲು ನೋಡಬ್ಯಾಡ, ಬಾಯಿ ನೋಡು. ಹೆಸರು ಕೂಗು. 'ಬಂದೀನಿ' ಅಂದೋರನ್ನ ಎಣಿಸು."

"ಹಂಗೇ ಆಗಲವ್ವ."

ಗುರುವಾರ ಊರಿಗೇ ಕೇಳೋ ಹಾಗೆ ಕೂಗಿದ. ಮತ್ತೆ ಅರವತ್ತೊಂಬತ್ತು!

"ಇವತ್ತು ಯಾರನ್ನ ನುಂಗಿದೆ?"

"ನಾಸಿರ ಎರಡೂ ಕೈ ಎತ್ತಿದ, ಕುಣಿದ, ನನ್ನ ಅಂಗಿ ಜಗ್ಗಿದ. 'ಬಂದೀನಿ' ಅಂತ ಮಾತ್ರ ಅನ್ನಲಿಲ್ಲವ್ವ!"

ಹೆಂಗೆ ಎಣಿಸಿದ್ರೂ ಜಾರಿ ಹೋಗೋವು ಅವೇ ಎರಡು ಕೂಸು. ದ್ಯಾವಮ್ಮ ಕಣ್ಣು ಒರೆಸ್ಕೊಂಡು, ಮಗನ ಕಿವಿ ಹಿಂಡಿ ಹೇಳಿದಳು: "ಕಾಲೂ ಬ್ಯಾಡ, ಬಾಯೂ ಬ್ಯಾಡ. ನಾಳೆ ಸಾಹೇಬರು ಬಂದಾಗ ಒಬ್ಬರನ್ನೂ ಬಿಡಬ್ಯಾಡ. ತಿಳೀತಾ? ಒಬ್ಬರನ್ನೂ!"

"ಹಂಗೇ ಆಗಲವ್ವ."

ಶುಕ್ರವಾರ ಬಂತು, ಜೀಪೂ ಬಂತು, ಸಾಹೇಬರೂ ಬಂದ್ರು. ಕಣ್ಣಿಗೆ ಕಂಡ ಮಗುವಷ್ಟೇ ಲೆಕ್ಕ ಅನ್ನೋ ಮನುಷ್ಯ. ಪುಟ್ಟಲಕ್ಷ್ಮಿ ಇನ್ನೂ ಬಂದಿಲ್ಲ. ಮೋರಿ ಹತ್ರ ಗಾಲಿ ಹೂತಿದೆ, ಅವರಪ್ಪ ಎತ್ತುತಾ ಇದಾನೆ ಅಂತ ಮಕ್ಕಳು ಬಂದು ಹೇಳಿದ್ರು. ಸಾಹೇಬರು ಅರ್ಧ ಗಂಟೆ ಕಾದ್ರು, ಗಡಿಯಾರ ನೋಡಿದ್ರು, "ಅರವತ್ತೊಂಬತ್ತು" ಅಂತ ಬರೆದು ಜೀಪು ಹತ್ತಿದ್ರು. ಅನಸೂಯಾ ಮೇಡಂ ಚಾಕ್‌ಪೀಸು ಕೆಳಗಿಟ್ರು.

ಜೀಪು ಗೇಟಿಗೆ ಬಂತು. ಗೇಟಿಗೆ ಬೀಗ!

"ತೆಗೆಯೋ!"

"ಇಲ್ಲ ಸಾ. ಒಬ್ಬರನ್ನೂ ಬಿಡಬ್ಯಾಡ ಅಂದವ್ಳೆ ನಮ್ಮವ್ವ."

"ನಾನು ಯಾರು ಗೊತ್ತೇನೋ?"

"ನೀವೂ ಒಬ್ಬರೇ ಅಲ್ವಾ ಸಾ!"

ಸಾಹೇಬರು ಕೂಗಿದ್ರು, ಡ್ರೈವರು ಹಾರನ್ ಹೊಡೆದ, ಗಿರಿಜಾಂಬ ಮೇಡಂ ಕೈ ಮುಗಿದ್ರು. ಕಾಟಯ್ಯ ಅಲ್ಲಾಡಲಿಲ್ಲ. ಈ ರಂಪ ನಡೀತಿರುವಾಗಲೇ ಗೇಟಿನಾಚೆ ಗಾಲಿ ಕಿರ್ ಅಂತು. ಮೈಯೆಲ್ಲ ಕೆಸರು ಮಾಡ್ಕೊಂಡು, ಏದುಸಿರು ಬಿಡ್ತಾ ಅಪ್ಪ. ಮಡಿಲಲ್ಲಿ ಬ್ಯಾಗು ಅವಚಿಕೊಂಡು ಪುಟ್ಟಲಕ್ಷ್ಮಿ.

"ಬಂದೀನಿ ಸಾರ್!" ಅಂದಳು.

ಕಾಟಯ್ಯ ಬೀಗ ತೆಗೆದು ಅವಳನ್ನ ಒಳಗೆ ಕರ್ಕೊಂಡ. ಸಾಹೇಬರು ಆ ಮಗೂನ ನೋಡಿದ್ರು, ಕೆಸರು ನೋಡಿದ್ರು. ಜೇಬಿಂದ ಪೆನ್ನು ತೆಗೆದು ಹಳೇದು ಹೊಡೆದು ಹಾಕಿ "ಎಪ್ಪತ್ತು" ಅಂತ ಬರೆದ್ರು. ನಾಸಿರ ಎರಡೂ ಕೈ ಮೇಲೆತ್ತಿ ಆಡಿಸಿದ, ಅದು ಅವನ ಚಪ್ಪಾಳೆ. ಅನಸೂಯಾ ಮೇಡಂ ಅಳ್ತಾ ನಕ್ಕರು.

ದ್ಯಾವಮ್ಮನಿಗೆ ಹೊಟ್ಟೆ ತಣ್ಣಗಾಯ್ತು. ಕಾಯಿ, ಬಾಳೆಹಣ್ಣು ತುಂಬಿದ ಚೀಲ ಗೇಟಿನ ಪಕ್ಕ ಇಟ್ಟು, "ನನ್ನಪ್ಪಾ, ಜಾಣಾ! ಮಕ್ಕಳಿಗೆ ಬಡಿಸಬೇಕು, ನಾನು ಒಳಕ್ಕೆ ಹೋಗ್ತೀನಿ. ಸಾಹೇಬರನ್ನ ಬರಿಗೈಲಿ ಕಳಿಸಬ್ಯಾಡ" ಅಂದಳು. ಹುಟ್ಟಿದಾಗಿನಿಂದ ಅವಳು ಅವನನ್ನ ಜಾಣ ಅಂದಿದ್ದು ಅದೇ ಮೊದಲು.

"ಹಂಗೇ ಆಗಲವ್ವ!"

ಜೀಪು ಹೋಯ್ತು. ಊಟ ಆಯ್ತು, ಪಾಠ ಆಯ್ತು, ನಾಲ್ಕೂವರೆ ಗಂಟೆ ಹೊಡೀತು. ಎಪ್ಪತ್ತು ಮಕ್ಕಳು, ಆರು ಜನ ಮೇಡಂ ಮೇಷ್ಟ್ರು ಗೇಟಿಗೆ ಬಂದು ನಿಂತ್ರು. ಗೇಟಿಗೆ ಮತ್ತೆ ಬೀಗ! ಪಕ್ಕದಲ್ಲಿ ಕಾಯಿ, ಬಾಳೆಹಣ್ಣಿನ ಚೀಲ ಇಟ್ಟಲ್ಲೇ ಇದೆ.

ದ್ಯಾವಮ್ಮ ಓಡಿ ಬಂದಳು. "ಲೋ, ಚೀಲ ಇಲ್ಲೇ ಐತಲ್ಲೋ! ಸಾಹೇಬರನ್ನ ಬರಿಗೈಲಿ ಕಳಿಸಿದ್ಯಾ?"

"ಬರಿಗೈಲಿ ಯಾಕವ್ವ ಕಳಿಸಲಿ?" ಅಂದ ಕಾಟಯ್ಯ ಮೀಸೆ ತಿರುವುತ್ತಾ. "ಬೀಗದ ಕೈಲಿ ಕಳಿಸಿದೆ!"